ಸ್ಪಿತಿ ಪ್ರವಾಸದ ಪಟ್ಟಿಯಲ್ಲಿ ರಾತ್ರಿ ಮಲಗುವ ಊರಿನ ಎತ್ತರವೂ ಇರಲಿ

ಮಾನ್ಯ ಸಂಪಾದಕರೇ,

ರಜೆ ಹತ್ತಿರವಾದಂತೆ ಪತ್ರಿಕೆಗಳ ಒಳಪುಟಗಳಲ್ಲಿ, ಕಲಬುರಗಿ, ಬೀದರ್, ಯಾದಗಿರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಪ್ಯಾಕೇಜ್‌ಗಳ ಸುರಿಮಳೆ ಶುರುವಾಗುತ್ತದೆ. ದೆಹಲಿಯಿಂದ ದೆಹಲಿಗೆ ಆರು ರಾತ್ರಿ, ಏಳು ಹಗಲು. ಕೀ ಗೊಂಪಾ (ಬೌದ್ಧ ಮಠ), ಹಿಕ್ಕಿಂ ಅಂಚೆ ಕಚೇರಿ, ಚಿಚಮ್ ಸೇತುವೆ, ಚಂದ್ರತಾಲ್ ಎಂದು ನೋಡುವ ಜಾಗಗಳ ಪಟ್ಟಿ ಉದ್ದಕ್ಕೆ ಬೆಳೆದಿರುತ್ತದೆ. ಊಟ, ವಸತಿ, ಗಾಡಿಯ ನಮೂನೆ ಎಲ್ಲವೂ ಇರುತ್ತದೆ. ಯಾವ ರಾತ್ರಿ ಎಷ್ಟು ಎತ್ತರದ ಊರಿನಲ್ಲಿ ಮಲಗಬೇಕು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಇಡೀ ಪ್ರವಾಸದ ಸುಖದುಃಖ ನಿಂತಿರುವುದು ಆ ಸಾಲಿನ ಮೇಲೆ. ಆದ್ದರಿಂದ ಈ ಪತ್ರ.

ಕಲಬುರಗಿ ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿದೆ. ಯಾದಗಿರಿ ಅದಕ್ಕಿಂತ ತುಸು ಕೆಳಗೆ, ಬೀದರ್ 600 ದಾಟುತ್ತದೆ, ಅಷ್ಟೇ. ಸ್ಪಿತಿಯ ಮುಖ್ಯ ಊರು ಕಾಜಾ 3,650 ಮೀಟರ್ ಎತ್ತರದಲ್ಲಿದೆ. ನಮ್ಮೂರಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಅಲ್ಲಿ ಸಿಗುವುದು ಮೂರರಲ್ಲಿ ಎರಡು ಪಾಲು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಪರ್ವತ ವೈದ್ಯಕೀಯದಲ್ಲಿ ಎಲ್ಲರೂ ಒಪ್ಪಿರುವ ಲೆಕ್ಕ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು; ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅದೇ ಎತ್ತರದಲ್ಲಿ ಉಳಿಯಬೇಕು. ಹಗಲಿನಲ್ಲಿ ಎಷ್ಟು ಮೇಲೆ ಹೋಗಿ ಬಂದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಒರಗಿದಿರಿ ಎಂಬುದೇ ಇಲ್ಲಿ ಮುಖ್ಯ. ನಿದ್ದೆಯಲ್ಲಿ ಉಸಿರಾಟ ಇನ್ನಷ್ಟು ನಿಧಾನವಾಗುವುದೇ ಅದಕ್ಕೆ ಕಾರಣ.

ಈಗ ಆರು ರಾತ್ರಿಯ ಪ್ಯಾಕೇಜನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಮೊದಲ ರಾತ್ರಿ ದೆಹಲಿಯಿಂದ ವೋಲ್ವೊ ಬಸ್ಸಿನಲ್ಲಿ ಮನಾಲಿ, ಅಂದರೆ 2,050 ಮೀಟರ್. ಮರುದಿನ ಬೆಳಗಿನ ಜಾವ ಹೊರಟು, ಅಟಲ್ ಸುರಂಗ ದಾಟಿ, ಸುಮಾರು 4,550 ಮೀಟರ್ ಎತ್ತರದ ಕುಂಜುಂ ಕಣಿವೆಮಾರ್ಗ ಹತ್ತಿಳಿದು, ಸಂಜೆಗೆ ಕಾಜಾ. ಒಂದೇ ದಿನದಲ್ಲಿ ಮಲಗುವ ಎತ್ತರ 1,600 ಮೀಟರ್ ಏರಿತು. ಸಂಜೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ, ಫೋಟೊ ಕಳಿಸುತ್ತಾರೆ. ಎತ್ತರದ ಕಾಯಿಲೆ ತಲುಪಿದ ಗಳಿಗೆಯಲ್ಲಿ ಕಾಣಿಸುವುದಿಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಾಸಿನ ನಂತರ ತಲೆನೋವು, ಓಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಅಂದರೆ ಸರಿಯಾಗಿ ನಡುರಾತ್ರಿಗೆ. ಮರುದಿನ ಅದೇ ಮೈಯಲ್ಲಿ 4,166 ಮೀಟರಿನ ಕೀ ಗೊಂಪಾಕ್ಕೂ 4,400 ಮೀಟರಿನ ಆಸುಪಾಸಿನ ಲಾಂಗ್ಜಾ, ಹಿಕ್ಕಿಂಗಳಿಗೂ ಗಾಡಿ ಹೊರಡುತ್ತದೆ. ‘ದಾರಿಯ ತಿರುವುಗಳಿಂದ ವಾಂತಿ’ ಎಂದು ಚಾಲಕರು ಸಮಾಧಾನ ಹೇಳುತ್ತಾರೆ. ಗಾಡಿ ನಿಂತು ಎರಡು ತಾಸಾದರೂ ನಿಲ್ಲದ ತಲೆನೋವಿಗೆ ತಿರುವು ಕಾರಣವಲ್ಲ.

ಸ್ಪಿತಿಯಲ್ಲಿ ಇನ್ನೊಂದು ತೊಡಕಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಎತ್ತರದ ಕಾಯಿಲೆಗೆ ನಂಬುವಂಥ ಮದ್ದು ಕೆಳಗಿಳಿಯುವುದೊಂದೇ. ಆದರೆ ಕಾಜಾದಿಂದ ಬೇಗ ಇಳಿಯಲು ದಾರಿಯೇ ಇಲ್ಲ. ಮನಾಲಿ ಕಡೆ ಹೊರಟರೆ ಮೊದಲು 900 ಮೀಟರ್ ಮೇಲೆ ಹತ್ತಿ ಕುಂಜುಂ ದಾಟಬೇಕು. ಕಿನ್ನೌರ್ ಕಡೆ ಹೊರಟರೆ 47 ಕಿ.ಮೀ. ದೂರದ ತಾಬೋ ಕೇವಲ 370 ಮೀಟರ್ ಕೆಳಗಿದೆ. ಅದರಾಚೆ ರಸ್ತೆ ಮತ್ತೆ ನಾಕೋವರೆಗೆ ಏರಿ, ಆಮೇಲಷ್ಟೇ ಸಟ್ಲೆಜ್ ನದಿಯ ಕಡೆ ಇಳಿಯುತ್ತದೆ. ಕಾಜಾದ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಆಮ್ಲಜನಕ ಸಿಗುತ್ತದೆ, ಅಲ್ಲಿನ ಸಿಬ್ಬಂದಿಗೆ ಈ ಕಾಯಿಲೆ ದಿನನಿತ್ಯದ ಪರಿಚಯ. ಹಾಗೆಂದು ಅದನ್ನೇ ನೆಚ್ಚಿಕೊಂಡು ಯೋಜನೆ ಹಾಕುವುದು ಸರಿಯಲ್ಲ. ಅಂಗಡಿಗಳಲ್ಲಿ ಮಾರುವ ಸಣ್ಣ ಆಮ್ಲಜನಕದ ಡಬ್ಬಿಗಳು ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತವೆ, ದುಡ್ಡು ದಂಡ.

ಹಾಗಾದರೆ ಹೋಗುವುದು ಹೇಗೆ? ಶಿಮ್ಲಾ, ಕಿನ್ನೌರ್ ಕಡೆಯಿಂದ. ಶಿಮ್ಲಾ ಸುಮಾರು 2,200 ಮೀಟರ್, ಕಲ್ಪಾ 2,960, ತಾಬೋ 3,280, ಕಾಜಾ 3,650. ಭೂಗೋಳವೇ ಮೆಟ್ಟಿಲು ಕಟ್ಟಿಕೊಟ್ಟಿದೆ. ದೂರ ಹೆಚ್ಚು, ಶಿಮ್ಲಾದಿಂದ ಕಾಜಾಕ್ಕೆ 400 ಕಿ.ಮೀ. ಮೀರುತ್ತದೆ, ಆ ದೂರವೇ ಇಲ್ಲಿ ಔಷಧ.

ನಮ್ಮ ಕಡೆಯವರಿಗೆ ದೆಹಲಿಯವರೆಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದೆ, ಯಾದಗಿರಿ, ಕಲಬುರಗಿ ಎರಡರಲ್ಲೂ ನಿಲ್ಲುತ್ತದೆ. ಬೆಳಿಗ್ಗೆ ಹತ್ತಿದರೆ ಮರುದಿನ ದೆಹಲಿ. ಬೀದರಿನವರಿಗೆ ಹೈದರಾಬಾದಿನಿಂದ ಹೋಗುವುದು ಸಲೀಸು. ರೈಲಿನಲ್ಲಿ ಈಗ 60 ದಿನ ಮುಂಚೆ ಮಾತ್ರ ಕಾಯ್ದಿರಿಸಲು ಸಾಧ್ಯ, ಆದ್ದರಿಂದ ದಸರೆಗೆ ಹೋಗುವವರು ಶ್ರಾವಣದ ಹೊತ್ತಿಗೇ ಎಚ್ಚರಿರಬೇಕು. ದೆಹಲಿಯಿಂದ ಶಿಮ್ಲಾಕ್ಕೆ ಕಾಶ್ಮೀರಿ ಗೇಟ್ ನಿಲ್ದಾಣದಿಂದ ಹಿಮಾಚಲ ಸಾರಿಗೆಯ ಬಸ್ಸುಗಳಿವೆ. ಪುರುಸೊತ್ತಿದ್ದರೆ ಕಾಲ್ಕಾದಿಂದ 96 ಕಿ.ಮೀ. ದೂರದ ಸಣ್ಣ ಹಳಿಯ ರೈಲು ಹಿಡಿಯಬಹುದು. 1903ರಲ್ಲಿ ಶುರುವಾದದ್ದು, 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಶಿಮ್ಲಾದಿಂದ ಮುಂದಿನ ಕ್ರಮ ಹೀಗಿರಲಿ. ಒಂದು ರಾತ್ರಿ ಶಿಮ್ಲಾ ಅಥವಾ ಸರಾಹನ್. ಮುಂದಿನ ಎರಡು ರಾತ್ರಿ ಕಲ್ಪಾದಲ್ಲಿ. ರೆಕಾಂಗ್ ಪಿಯೊ ಜಿಲ್ಲಾ ಕೇಂದ್ರದ ನೆತ್ತಿಯ ಮೇಲಿರುವ ಸೇಬಿನ ತೋಟಗಳ ಊರು, ಎದುರಿಗೆ ಕಿನ್ನರ ಕೈಲಾಸ. ಎರಡನೆಯ ರಾತ್ರಿ ವ್ಯರ್ಥ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಹೊಂದಾಣಿಕೆ ನಡೆಯುವುದೇ ಆಗ. ನಾಲ್ಕನೆಯ ದಿನ ಖಾಬ್ ಬಳಿ ಸ್ಪಿತಿ ನದಿ ಸಟ್ಲೆಜ್ ಸೇರುವ ಜಾಗ ದಾಟಿ ನಾಕೋಕ್ಕೆ ಹತ್ತಿ. ನಾಕೋ ಸುಮಾರು 3,600 ಮೀಟರ್. ಕೆರೆ ಇದೆ, 11ನೇ ಶತಮಾನದ ಗುಡಿಗಳಿವೆ, ಉಳಿಯಬೇಕೆನಿಸುತ್ತದೆ. ಆದರೆ ಮಧ್ಯಾಹ್ನದ ಊಟ ಮಾಡಿ, ಎರಡು ತಾಸು ಓಡಾಡಿ, ಮಲಗಲು 3,280 ಮೀಟರಿನ ತಾಬೋಕ್ಕೆ ಇಳಿಯುವುದು ಜಾಣತನ. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಮಲಗುವ ಅವಕಾಶವನ್ನು ರಸ್ತೆಯೇ ಒದಗಿಸಿದೆ. ತಾಬೋದಲ್ಲಿ ಎರಡು ರಾತ್ರಿ. ಆಮೇಲೆ ಧಂಕರ್ ನೋಡಿಕೊಂಡು ಕಾಜಾ. ಕಾಜಾದಲ್ಲಿ ಮೂರು ರಾತ್ರಿ ಇದ್ದು ಕೀ, ಕಿಬ್ಬರ್, ಲಾಂಗ್ಜಾ, ಕೋಮಿಕ್‌ಗಳನ್ನು ಹಗಲಲ್ಲಿ ನೋಡಿ ವಾಪಸು ಕಾಜಾದಲ್ಲೇ ಮಲಗಿ.

ಬರುವಾಗ ಮನಾಲಿ ಮೇಲೆ ಬರಬಹುದು. ಆಗ ಮೈ ಪಳಗಿರುತ್ತದೆ, ಕುಂಜುಂ ದಾಟಿ ಇಳಿಯುವುದಷ್ಟೇ ಕೆಲಸ. ಬಾತಲ್‌ನಿಂದ ಗ್ರಾಂಫುವರೆಗಿನ ದಾರಿ ಮಾತ್ರ ಕಲ್ಲು ಹಾಸಿದ ಹಳ್ಳ. ಹಿಮ ಕರಗಿದ ನೀರು ಹಳ್ಳಗಳಿಗೆ ಮಧ್ಯಾಹ್ನದ ಮೇಲೆ ಏರುತ್ತದೆ, ಬೆಳಿಗ್ಗೆ ಮೊಣಕಾಲಿಗಿಂತ ಕೆಳಗಿದ್ದದ್ದು ಮೂರು ಗಂಟೆಗೆ ಗಾಡಿ ಎಳೆದೊಯ್ಯುವಷ್ಟಾಗಬಹುದು. ಕಾಜಾದಿಂದ ಬೆಳಗಿನ ಐದಕ್ಕೆ ಹೊರಡಿ. ಕಿನ್ನೌರ್ ದಾರಿಯಲ್ಲಿ ನಾಕೋ ಆಚೆಯ ಮಲ್ಲಿಂಗ್ ನಾಲಾ ಪ್ರದೇಶಕ್ಕೂ ಇದೇ ಮಾತು. ಅಲ್ಲಿ ನೀರಿನ ಜೊತೆ ಕಲ್ಲೂ ಉರುಳುತ್ತದೆ.

ಒಟ್ಟು ಲೆಕ್ಕ ಹಾಕಿದರೆ ಊರಿಂದ ಊರಿಗೆ ಹದಿನೈದು ದಿನ ಬೇಕು. ಅಷ್ಟು ರಜೆ ಸಿಗದವರು ಕಲ್ಪಾವರೆಗೆ ಹೋಗಿ ಬರಲಿ, ಅದೂ ಕಡಿಮೆಯ ಊರಲ್ಲ. ಎಂಟು ದಿನದಲ್ಲಿ ಸ್ಪಿತಿಯನ್ನು ತುರುಕುವುದು ಮಾತ್ರ ಬೇಡ.

ಔಷಧದ ಬಗ್ಗೆಯೂ ಹೇಳಬೇಕು. ಡಯಾಮಾಕ್ಸ್ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಹೊಂದಾಣಿಕೆಯನ್ನು ಚುರುಕು ಮಾಡುತ್ತದೆ. ಮುನ್ನೆಚ್ಚರಿಕೆಗೆ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವುದು 125 ಮಿ.ಗ್ರಾಂ., ದಿನಕ್ಕೆ ಎರಡು ಬಾರಿ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಅಂಗಡಿಯಲ್ಲಿ 250ರ ಮಾತ್ರೆಯೇ ಹೆಚ್ಚು ಸಿಗುವುದರಿಂದ ಅರ್ಧ ಮಾಡಬೇಕಾಗುತ್ತದೆ. ಬೆರಳ ತುದಿ ಜುಮುಗುಡುವುದು, ಪದೇ ಪದೇ ಮೂತ್ರ, ಸೋಡಾದ ರುಚಿ ಕೆಡುವುದು ಇದರ ಮಾಮೂಲಿ ಪರಿಣಾಮಗಳು, ಗಾಬರಿ ಬೇಡ. ಸಲ್ಫಾ ಔಷಧ ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಉಳಿದವರೂ ಊರಲ್ಲೇ ಚೀಟಿ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತು. ರಾತ್ರಿ ಅದನ್ನು ಕೋಣೆಯ ಕಿಟಕಿಯಲ್ಲಿಡದೆ ರಜಾಯಿಯೊಳಗೆ ಇಟ್ಟುಕೊಳ್ಳಬೇಕು. ಮೊದಲ ದಿನಗಳಲ್ಲಿ ಮದ್ಯ, ನಿದ್ದೆ ಮಾತ್ರೆ ಎರಡೂ ದೂರವಿರಲಿ, ಎರಡೂ ಉಸಿರಾಟವನ್ನು ತಗ್ಗಿಸುತ್ತವೆ.

ಬರೀ ತಲೆನೋವಾದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಕೂತಲ್ಲೇ ಏದುಸಿರು, ನಿಲ್ಲದ ಕೆಮ್ಮು, ತುಟಿ ನೀಲಿಯಾಗುವುದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಗುರುತು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಹೇಳಿ. ತೂರಾಡಿದರೆ, ಮಾತು ತೊದಲಿದರೆ ಮೆದುಳಿಗೆ ಬಾವು. ಈ ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಮ್ಲಜನಕ ಹಿಡಿಸಿಕೊಂಡು ಆಗಲೇ ಇಳಿಸಬೇಕು.

ಇನ್ನು ನೋಡುವುದರ ಮಾತು. ಪ್ಯಾಕೇಜಿನವರು ತಾಬೋದ ಗೊಂಪಾಕ್ಕೆ ಕೊಡುವುದು ಇಪ್ಪತ್ತು ನಿಮಿಷ, ಅದೂ ದಾರಿಯಲ್ಲಿ ಚಹಾ ಕುಡಿಯುವ ನೆಪಕ್ಕೆ. ಹೊರಗಿನಿಂದ ನೋಡಿದವರಿಗೆ ಅದು ಮಣ್ಣಿನ ದಿಬ್ಬಗಳ ಒಂದು ಆವರಣ, ಶಿಖರವಿಲ್ಲ, ಗೋಪುರವಿಲ್ಲ. ಕೀ ಗೊಂಪಾದ ಹಾಗೆ ಫೋಟೊಕ್ಕೆ ಬರುವುದಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ ಇಡೀ ಕಣಿವೆಯಲ್ಲಿ ಒಂದೇ ಜಾಗ ನೋಡಲು ಸಮಯವಿದ್ದರೆ ಅದು ತಾಬೋ ಆಗಬೇಕು.

ಇದನ್ನು ಕ್ರಿ.ಶ. 996ರಲ್ಲಿ ಕಟ್ಟಿಸಿದವನು ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ಯೇಶೆ ಓ, ರಾಜಪದವಿ ಬಿಟ್ಟು ಭಿಕ್ಷುವಾದವನು. ಸಂಸ್ಕೃತ ಗ್ರಂಥಗಳನ್ನು ಟಿಬೆಟನ್ ಭಾಷೆಗೆ ತಂದ ರಿಂಚೆನ್ ಜಂಗ್ಪೊ (958–1055) ಹೆಸರೂ ಇದರೊಂದಿಗೆ ಬೆಸೆದಿದೆ. ಅವರು ಕಾಶ್ಮೀರದಿಂದ ಕಲಾವಿದರನ್ನು ಕರೆತಂದರೆಂದು ಪರಂಪರೆ ಹೇಳುತ್ತದೆ, ಚಿತ್ರಗಳ ಶೈಲಿಯೂ ಅದನ್ನೇ ಸಾರುತ್ತದೆ. 46 ವರ್ಷಗಳ ನಂತರ, 1042ರಲ್ಲಿ, ಅದೇ ವಂಶದ ಜಾಂಗ್‌ಚುಪ್ ಓ ಇದನ್ನು ನವೀಕರಿಸಿದ. ಆ ಸಂಗತಿ ಒಳಗಿನ ಗೋಡೆಯ ಬರಹದಲ್ಲೇ ಇದೆ. ಅಂದಿನಿಂದ ಪೂಜೆ ನಡೆದುಕೊಂಡು ಬಂದಿರುವ ಒಂಬತ್ತು ಗುಡಿಗಳ ಆವರಣ ಇದು. 1975ರ ಜನವರಿಯ ಕಿನ್ನೌರ್ ಭೂಕಂಪದಲ್ಲಿ ಏಟು ತಿಂದಿತು. ಪಕ್ಕದಲ್ಲಿ ಕಾಣುವ ಹೊಸ ಪ್ರಾರ್ಥನಾ ಮಂದಿರ ಆಮೇಲಿನದು.

ಮುಖ್ಯ ಗುಡಿ ಚುಗ್ಲಾಖಾಂಗ್. ಒಳಗೆ ಹೋದೊಡನೆ ಏನೂ ಕಾಣುವುದಿಲ್ಲ, ಕತ್ತಲೆ. ಹೊರಗಿನ ಬಿಸಿಲು ಅಷ್ಟು ಪ್ರಖರ, ಒಳಗಿನ ಬೆಳಕು ಮೇಲಿನ ಸಣ್ಣ ಕಿಂಡಿಯದು ಮಾತ್ರ. ಹತ್ತು ನಿಮಿಷ ಸುಮ್ಮನೆ ಗೋಡೆಗೆ ತಾಗದಂತೆ ಕೂತರೆ ಕಣ್ಣು ಹೊಂದುತ್ತದೆ. ಆಗ ಗೋಡೆಯ ನಡು ಎತ್ತರದಲ್ಲಿ, ಗೋಡೆಯಿಂದ ಮುಂದಕ್ಕೆ ಚಾಚಿಕೊಂಡು ಕೂತ ಆಳೆತ್ತರದ ಮಣ್ಣಿನ ಮೂರ್ತಿಗಳು ಒಂದೊಂದಾಗಿ ಕಾಣತೊಡಗುತ್ತವೆ, ಒಟ್ಟು 32. ನಡುವೆ ನಾಲ್ಕು ದಿಕ್ಕಿಗೂ ಮುಖ ಮಾಡಿ ಬೆನ್ನಿಗೆ ಬೆನ್ನು ಕೊಟ್ಟು ಕೂತ ವೈರೋಚನ ಬುದ್ಧ. ಕಾಗದದ ಮೇಲೋ ಬಟ್ಟೆಯ ಮೇಲೋ ಬರೆಯುವ ವಜ್ರಧಾತು ಮಂಡಲವನ್ನು (ದೇವತೆಗಳ ಸ್ಥಾನ ತೋರಿಸುವ ಧ್ಯಾನದ ನಕ್ಷೆ) ಇಲ್ಲಿ ಕೋಣೆಯಾಗಿ ಕಟ್ಟಿದ್ದಾರೆ. ನೋಡುವವರು ಮಂಡಲದ ಒಳಗೆ ನಿಂತಿರುತ್ತಾರೆ.

ಮೂರ್ತಿಗಳ ಕೆಳಗಿನ ಚಿತ್ರಪಟ್ಟಿಯನ್ನು ಬಹುತೇಕರು ನೋಡದೇ ಬರುತ್ತಾರೆ. ಬಾಗಿಲು ಪೂರ್ವಕ್ಕಿದೆ. ಒಳಹೊಕ್ಕು ಎಡಕ್ಕೆ ತಿರುಗಿದರೆ ದಕ್ಷಿಣದ ಕಡೆ ಸುಧನ ಎಂಬ ಯುವಕ ಗುರುವಿನಿಂದ ಗುರುವಿಗೆ ಅಲೆಯುವ ಗಂಡವ್ಯೂಹ ಸೂತ್ರದ ಕಥೆ ಸಾಗುತ್ತದೆ. ಸುತ್ತಿಕೊಂಡು ಉತ್ತರದ ಕಡೆ ಬಂದರೆ ಬುದ್ಧನ ಜೀವನ. ಗೊಂಪಾದಲ್ಲಿ ಬಲಸುತ್ತು ಹಾಕಬೇಕೆಂಬುದು ಶಿಷ್ಟಾಚಾರ ಮಾತ್ರವೆಂದುಕೊಂಡವರು ಇಲ್ಲಿ ಗಮನಿಸಬೇಕು: ಕಥೆ ಓದುವ ದಿಕ್ಕೂ ಅದೇ. ತಿರುಗಾಮುರುಗಾ ನಡೆದವರಿಗೆ ಚಿತ್ರ ಸಿಗುತ್ತದೆ, ಕಥೆ ಸಿಗುವುದಿಲ್ಲ. ಒಳಗೆ ಫೋಟೊ ನಿಷಿದ್ಧ. ಸಣ್ಣ ಟಾರ್ಚ್ ಇಟ್ಟುಕೊಂಡಿರಿ, ಆದರೆ ಕೀಲಿ ತೆರೆದುಕೊಡುವ ಭಿಕ್ಷುವನ್ನು ಕೇಳಿಯೇ ಹಚ್ಚಿ.

ಕಟ್ಟಡವೆಲ್ಲ ಮಣ್ಣು. ಹಸಿ ಇಟ್ಟಿಗೆಯ ದಪ್ಪ ಗೋಡೆ, ಮರದ ತೊಲೆ, ಮೇಲೆ ಕಡ್ಡಿ ಹಾಸಿ ಬಡಿದು ಕೂಡಿಸಿದ ಮಣ್ಣಿನ ಮಟ್ಟಸ ಚಾವಣಿ. ಆಳಂದ, ಔರಾದ್ ಕಡೆಯ ಹಳೆಯ ಮಾಳಿಗಿ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗಿಗೆ ಹೊಸ ಮಣ್ಣು ಹಾಕದಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಸ್ಪಿತಿ ಮಳೆ ನೆರಳಿನ ನಾಡು, ಮುಂಗಾರನ್ನು ಬೆಟ್ಟಸಾಲು ತಡೆಯುತ್ತದೆ. ಬೀಳುವುದು ಹಿಮ, ಅದನ್ನು ಸಲಿಕೆಯಿಂದ ಕೆಳಗೆ ತಳ್ಳಿದರೆ ಮುಗಿಯಿತು. ಸಾವಿರ ವರ್ಷ ಈ ಚಾವಣಿ ಉಳಿದದ್ದು ಹಾಗೆ. ಈಚಿನ ವರ್ಷಗಳಲ್ಲಿ ಅಲ್ಲಿ ಮಳೆ ಹೆಚ್ಚುತ್ತಿದೆ, ಮಳೆಯನ್ನು ಸಲಿಕೆಯಿಂದ ತಳ್ಳಲಾಗದು. ನೀರು ಚಾವಣಿಯಲ್ಲಿ ಇಂಗಿ, ಮಣ್ಣು ಕರಗಿಸಿಕೊಂಡು ಚಿತ್ರಗಳ ಮೇಲೆ ಕೆಸರಿನ ಗೆರೆಗಳಾಗಿ ಇಳಿಯುತ್ತದೆ. ಬಣ್ಣ ಕೂತಿರುವುದು ತೆಳುವಾದ ಮಣ್ಣಿನ ಗಿಲಾವಿನ ಮೇಲೆ; ಗಿಲಾವು ನೆನೆದರೆ ಬಣ್ಣದ ಸಮೇತ ಹೆಕ್ಕಳಿಕೆ ಏಳುತ್ತದೆ. ಪ್ರವಾಸಿಗರ ಪಾಲೂ ಇದರಲ್ಲಿದೆ. ಐವತ್ತು ಜನ ಒಟ್ಟಿಗೆ ಒಳಗೆ ನಿಂತು ಉಸಿರಾಡಿದರೆ ಕೋಣೆಯ ತೇವ ಏರುತ್ತದೆ. ಬೆರಳಿನ ಎಣ್ಣೆ ಅಂಟಿದ ಜಾಗಕ್ಕೆ ಧೂಳು ಹಿಡಿಯುತ್ತದೆ. ಆದ್ದರಿಂದ ದೊಡ್ಡ ಗುಂಪು ಬಂದರೆ ಹತ್ತು ಹತ್ತು ಜನವಾಗಿ ಒಳಗೆ ಹೋಗಿ, ಬೆನ್ನಿಗೆ ಹಾಕಿದ ಚೀಲವನ್ನು ಹೊರಗೆ ಬಿಡಿ. ಇಕ್ಕಟ್ಟಿನಲ್ಲಿ ತಿರುಗುವಾಗ ಗೋಡೆ ಕೆರೆಯುವುದು ಕೈಗಿಂತ ಚೀಲವೇ ಹೆಚ್ಚು.

ಧಂಕರ್ ಇನ್ನೊಂದು ಬಗೆ. ಪಿನ್ ನದಿ ಸ್ಪಿತಿಯನ್ನು ಸೇರುವ ಸಂಗಮದ ಮೇಲೆ, 3,894 ಮೀಟರ್ ಎತ್ತರದಲ್ಲಿ, ಸವೆಯುತ್ತಿರುವ ಮಣ್ಣುಗಲ್ಲಿನ ಕೋಡುಗಳ ತುದಿಯಲ್ಲಿ ಗೂಡು ಕಟ್ಟಿದಂತಿದೆ. ಹಿಂದೆ ಸ್ಪಿತಿಯ ರಾಜಧಾನಿ. 2006ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಜಗತ್ತಿನ ಅಪಾಯದಲ್ಲಿರುವ 100 ತಾಣಗಳ ಪಟ್ಟಿಗೆ ಸೇರಿಸಿತು. ಹಳೆಯ ಗೊಂಪಾದ ಮಾಳಿಗಿಯ ಮೇಲೆ ಗುಂಪುಗೂಡಿ ಫೋಟೊ ತೆಗೆಯುವುದನ್ನು ಬಿಡಬೇಕು. ಕೀ ಗೊಂಪಾ ಎಲ್ಲರೂ ನೋಡುವುದೇ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪಿನ್ ಕಣಿವೆಯ ಕುಂಗ್ರಿ ಗೊಂಪಾ ಟಿಬೆಟನ್ ಬೌದ್ಧರ ನ್ಯಿಂಗ್ಮ ಪಂಥದ್ದು, ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ನೋಡಿದವರಿಗೆ ಅಲ್ಲಿನ ಮೂರ್ತಿಗಳು ಪರಿಚಿತ ಅನಿಸುತ್ತವೆ. ಹಿಮಾಲಯದ ಗೊಂಪಾಗಳ ಎಳೆಯ ಭಿಕ್ಷುಗಳು ಹೆಚ್ಚಿನ ಓದಿಗೆ ನಮ್ಮ ಮುಂಡಗೋಡ, ಬೈಲಕುಪ್ಪೆಗೆ ಬರುವ ವಾಡಿಕೆಯಿದೆ. ಕರ್ನಾಟಕದವರೆಂದು ಹೇಳಿ ನೋಡಿ, ಕೆಲವೊಮ್ಮೆ ಕನ್ನಡದಲ್ಲೇ ಉತ್ತರ ಬಂದೀತು. ಲಾಂಗ್ಜಾದಲ್ಲಿ ಮಕ್ಕಳು ಶಂಖದಂಥ ಪಳೆಯುಳಿಕೆ ಮಾರಲು ಬರುತ್ತಾರೆ, ಕೊಳ್ಳಬೇಡಿ. ಒಂದು ಕೊಂಡರೆ ಬೆಟ್ಟದಿಂದ ಇನ್ನೆರಡು ಕೀಳಲಾಗುತ್ತದೆ.

ಯಾವಾಗ ಹೋಗಬೇಕು ಎಂಬಲ್ಲೂ ನಮ್ಮವರು ಎಡವುತ್ತಾರೆ. ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್, ಮೇ. ಬಿಸಿಲು 43 ಡಿಗ್ರಿ ಮುಟ್ಟಿದಾಗ ಹಿಮದ ಚಿತ್ರ ನೋಡಿದರೆ ಯಾರಿಗಾದರೂ ಆಸೆಯೇ. ಆದರೆ ಕುಂಜುಂ ಮಾರ್ಗದ ಹಿಮ ತೆರವಾಗುವುದು ಸಾಮಾನ್ಯವಾಗಿ ಜೂನ್ ಹೊತ್ತಿಗೆ. ಮೇ ತಿಂಗಳಲ್ಲಿ ಮನಾಲಿ ದಾರಿಯ ಸ್ಪಿತಿ ಪ್ಯಾಕೇಜ್ ಮಾರುವವರು ಕೆಳಗೆ ಸಣ್ಣ ಅಕ್ಷರದಲ್ಲಿ ‘ರಸ್ತೆ ತೆರೆದಿದ್ದರೆ’ ಎಂದು ಹಾಕಿರುತ್ತಾರೆ. ತೆರೆದಿರುವುದಿಲ್ಲ, ಸುರಂಗದಾಚೆಯ ಸಿಸ್ಸು ತೋರಿಸಿ ವಾಪಸು ಕರೆತರುತ್ತಾರೆ, ದುಡ್ಡು ಬರುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಸ್ಪಿತಿ ಒಣಗಿದ್ದರೂ ಅಲ್ಲಿಗೆ ಹೋಗುವ ಶಿಮ್ಲಾ, ಕಿನ್ನೌರ್ ದಾರಿಯಲ್ಲಿ ಗುಡ್ಡ ಜರಿಯುತ್ತದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರಗಳು ಎಲ್ಲಕ್ಕಿಂತ ಒಳ್ಳೆಯವು: ಮಳೆ ನಿಂತಿರುತ್ತದೆ, ಹಳ್ಳಗಳಲ್ಲಿ ನೀರು ಇಳಿದಿರುತ್ತದೆ, ಎರಡೂ ದಾರಿ ತೆರೆದಿರುತ್ತವೆ. ಅಂದರೆ ನಮ್ಮ ದಸರಾ ರಜೆ. ರಾತ್ರಿ ಚಳಿ ಸೊನ್ನೆಯ ಹತ್ತಿರ ಹೋಗುತ್ತದೆ. ಒಂದು ದಪ್ಪ ಸ್ವೆಟರಿಗಿಂತ ತೆಳುವಾದ ಮೂರು ಪದರ, ಮೇಲೊಂದು ಗಾಳಿ ತಡೆಯುವ ಜಾಕೆಟ್ ಅನುಕೂಲ. ಹಗಲ ಬಿಸಿಲನ್ನು ನಮ್ಮ ಬಿಸಿಲಿನಂತೆ ತಿಳಿಯಬೇಡಿ: ಸೆಕೆ ಇರುವುದಿಲ್ಲ, ಆದರೆ ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣ ಹತ್ತು ಪ್ರತಿಶತಕ್ಕೂ ಹೆಚ್ಚು ಏರುತ್ತದೆ. ತುಟಿ, ಮೂಗು, ಕಿವಿಯ ತುದಿ ಮೊದಲು ಸುಡುತ್ತವೆ.

ಊಟದ ವಿಷಯ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡು ಹೋಗಿ, ಬಹಳ ಉಪಯೋಗ. ಆ ಒಣ ಹವೆಯಲ್ಲಿ ಕೆಡುವುದೇ ಇಲ್ಲ. ತೊಗರಿಬೇಳೆ ಮಾತ್ರ ಬೇಡ. ನಮ್ಮ ಕಲಬುರಗಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಹೆಮ್ಮೆಯ ವಿಷಯ. ಆದರೆ ಕಾಜಾದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಹೊತ್ತು ಇಟ್ಟರೂ ತೆರೆದ ಪಾತ್ರೆಯಲ್ಲಿ ಬೇಳೆ ಕರಗುವುದಿಲ್ಲ. ಕುಕ್ಕರಿನಲ್ಲೂ ಹೆಚ್ಚು ಸೀಟಿ ಬೇಕು, ಆ ಗ್ಯಾಸ್ ಸಿಲಿಂಡರ್ ಅದೇ ಕೆಟ್ಟ ರಸ್ತೆಯಲ್ಲಿ ಬಂದದ್ದು. ಮನೆಯವರು ಮಾಡುವ ಥುಕ್ಪಾ (ನೂಡಲ್ಸ್ ಸೂಪು), ಬಾರ್ಲಿ ಹಿಟ್ಟಿನ ಅಡುಗೆ ಉಣ್ಣಿ, ಬಿಸಿಯಿರುತ್ತದೆ, ಹೊಟ್ಟೆಗೂ ಹಗುರ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ, ಬಾಟಲಿ ನಿಮ್ಮದೇ ಇರಲಿ. ಅಲ್ಲಿ ಬಿಟ್ಟುಬಂದ ಪ್ಲಾಸ್ಟಿಕ್ ಅಲ್ಲೇ ಉಳಿಯುತ್ತದೆ.

ಹಳ್ಳಿಯ ಹೋಮ್‌ಸ್ಟೇಗಳಲ್ಲಿ ಒಣ ಶೌಚಾಲಯ ಇರುತ್ತದೆ, ಮೊದಲೇ ತಿಳಿದಿದ್ದರೆ ಮುಜುಗರವಿಲ್ಲ. ಮಹಡಿಯ ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಒಣಮಣ್ಣಿನ ಗುಡ್ಡೆ, ಒಂದು ಸಲಿಕೆ. ಮುಗಿದ ಮೇಲೆ ಎರಡು ಸಲಿಕೆ ಮಣ್ಣು ತಳ್ಳಬೇಕು. ನೀರು ಸುರಿಯಬಾರದು: ಒದ್ದೆಯಾದರೆ ಗೊಬ್ಬರವಾಗದೆ ನಾರುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ವಸಂತಕ್ಕೆ ಅದೇ ಬಟಾಣಿ ಹೊಲಕ್ಕೆ ಗೊಬ್ಬರ. ಚೊಂಬು ಹಿಡಿದು ಹೋಗುವ ನಮ್ಮ ಅಭ್ಯಾಸದವರು ಕಾಗದ ಒಯ್ಯುವುದು ಒಳ್ಳೆಯದು.

ದುಡ್ಡು, ಫೋನು ಎರಡೂ ಅಲ್ಲಿ ನೆಚ್ಚುವಂಥವಲ್ಲ. ಕಾಜಾದಲ್ಲಿ ಎಟಿಎಂ ಇದೆ, ಕರೆಂಟ್ ಹೋದರೆ ಅಥವಾ ನೋಟು ಮುಗಿದರೆ ಇಲ್ಲ. ಯುಪಿಐ ಸಿಗ್ನಲ್ ಇದ್ದರೆ ನಡೆಯುತ್ತದೆ. ರೆಕಾಂಗ್ ಪಿಯೊದಲ್ಲೇ ನಗದು ತೆಗೆದಿಟ್ಟುಕೊಳ್ಳಿ. ಸ್ವಂತ ಗಾಡಿಯವರು ಪಿಯೊ ಕೆಳಗಿನ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಬೇಕು, ಮುಂದಿನ ಭರವಸೆಯ ಪಂಪು ಕಾಜಾದ್ದು. ಭಾರತೀಯರಿಗೆ ಈ ದಾರಿಯಲ್ಲಿ ಪರವಾನಗಿ ಬೇಕಿಲ್ಲ, ವಿದೇಶಿಯರಿಗೆ ಬೇಕು. ಆಧಾರ್ ಕಾರ್ಡ್ ಮಾತ್ರ ಕೈಗೆ ಸಿಗುವಂತಿರಲಿ. ಖರ್ಚು ಉಳಿಸುವವರಿಗೆ ಪಿಯೊದಿಂದ ಕಾಜಾಕ್ಕೆ ಬೆಳಿಗ್ಗೆ ಸರ್ಕಾರಿ ಬಸ್ಸಿದೆ, ತಾಬೋ ಅದೇ ದಾರಿಯಲ್ಲೇ ಸಿಗುತ್ತದೆ. ಸೀಟಿನ ವಿಚಾರ ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿಡಬೇಕು.

ಹೊರಡುವ ಮುನ್ನ ಒಂದು ದಿನವನ್ನು ಸನ್ನತಿಗೆ ಕೊಡಿ ಎಂಬುದು ನಮ್ಮ ಸಲಹೆ. ದೂರವೇನಿಲ್ಲ, ನಾಲವಾರ ರೈಲು ನಿಲ್ದಾಣದಿಂದ ಸುಮಾರು 20 ಕಿ.ಮೀ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಭೀಮಾ ದಂಡೆಯ ಮಹಾಚೈತ್ಯ (ದೊಡ್ಡ ಬೌದ್ಧ ಸ್ತೂಪ) ಅಗೆದಾಗ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೇ ಹೊರಬಂತು. ಅಲ್ಲಿನ ಸುಣ್ಣಕಲ್ಲಿನ ಹಲವು ಫಲಕಗಳಲ್ಲಿ ಬುದ್ಧನ ಬದಲು ಬೋಧಿವೃಕ್ಷ, ಪಾದ, ಬರಿದಾದ ಆಸನ ಇವೆ. ಅದೇ ಜೀವನಕಥೆ ತಾಬೋದ ಉತ್ತರದ ಗೋಡೆಯಲ್ಲಿ ಬಣ್ಣದಲ್ಲಿ, ಮನುಷ್ಯರೂಪದಲ್ಲಿ ಬರುತ್ತದೆ. ನಡುವೆ ಹಲವು ಶತಮಾನ, ಎರಡು ಸಾವಿರ ಕಿ.ಮೀ. ಕಲ್ಲಿನಲ್ಲಿ ಮೊದಲು ಓದಿದವರಿಗೆ ಮಣ್ಣಿನಲ್ಲಿ ಓದುವುದು ಸುಲಭ. ಕಲಬುರಗಿಯವರು ಸ್ಪಿತಿಗೆ ಬರಿಗೈಲಿ ಹೋಗುವ ಯಾತ್ರಿಕರಲ್ಲ, ಆದರೆ ಸನ್ನತಿ ನೋಡದೆ ಹೋದರೆ ಹಾಗೆಯೇ ಆಗುತ್ತದೆ.

ಪತ್ರಿಕೆಯಲ್ಲಿ ನಮ್ಮ ಕೋರಿಕೆ ಚಿಕ್ಕದು. ಹಿಮಾಲಯದ ಪ್ರವಾಸ ಲೇಖನ ಅಚ್ಚು ಹಾಕುವಾಗ ಪ್ರತಿ ರಾತ್ರಿ ತಂಗುವ ಊರಿನ ಮುಂದೆ ಅದರ ಎತ್ತರವನ್ನು ಮೀಟರಿನಲ್ಲಿ ಹಾಕಿ. ಜಾಹೀರಾತು ಕೊಡುವ ಪ್ರವಾಸ ಸಂಸ್ಥೆಗಳಿಂದಲೂ ಅದನ್ನೇ ಕೇಳಿ. ಮುಂಗಡ ಕಟ್ಟುವ ಮೊದಲು ಓದುಗರೂ ಏಜೆಂಟರಿಗೆ ಇದೇ ಪ್ರಶ್ನೆ ಹಾಕಲಿ: ಎರಡನೆಯ ರಾತ್ರಿ ಎಷ್ಟು ಮೀಟರಿನಲ್ಲಿ ಮಲಗಿಸುತ್ತೀರಿ? 3,000ಕ್ಕಿಂತ ಮೇಲಿನ ಸಂಖ್ಯೆ ಬಂದರೆ ಅಥವಾ ಉತ್ತರವೇ ಬಾರದಿದ್ದರೆ ದುಡ್ಡು ಕಟ್ಟಬೇಡಿ.

ಇತಿ ತಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್, ಯಾದಗಿರಿಯ ಕೆಲವು ಪರ್ವತ ಪ್ರವಾಸಾಸಕ್ತರು